ಸರ್ವೆ ನಂಬರು ತಾರೀಖಾಗುವ ಪರಿ

ತರೀಕೆರೆಯ ಒಂದು ಹೋಬಳಿಯಾಗಿದ್ದ ಅಜ್ಜಂಪುರ ಈಗ ಸ್ವತಂತ್ರ ತಾಲ್ಲೂಕು. ತಾಲ್ಲೂಕು ಒಡೆದಾಗ ನೆಲದೊಡನೆ ಪಟ್ಟಿಗಳೂ ಪಾಲಾಗುತ್ತವೆ. ಹಿಂದೆ ಕಡತದ ಗಂಟುಗಳು ಸಾಗುತ್ತಿದ್ದೆಡೆ ಇಂದು ಲೆಕ್ಕದ ಹಾಳೆಗಳು ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ದಾಟುತ್ತವೆ. ಇದನ್ನು ಬರಿಯ ಗುಮಾಸ್ತರ ಕೆಲಸವೆಂದು ನಾವು ಉದಾಸೀನ ಮಾಡುತ್ತಿರುವುದು ತಪ್ಪೆಂಬುದೇ ನನ್ನ ವಾದ.

ಇಂತಹ ವರ್ಗಾವಣೆಗೆ ಬಹುಮಟ್ಟಿಗೆ ಬಳಕೆಯಾಗುವುದು ಸಿಎಸ್‌ವಿ, ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ. ಯಾವುದು ಸಂಖ್ಯೆ, ಯಾವುದು ಹೆಸರು, ಯಾವುದು ತಾರೀಖು ಎಂಬ ಗುರುತು ಅದರಲ್ಲಿರುವುದಿಲ್ಲ. ತೆರೆಯುವ ತಂತ್ರಾಂಶವೇ ಊಹಿಸಿಕೊಳ್ಳಬೇಕು. ಪಹಣಿಯ ಸರ್ವೆ ನಂಬರು 12/3 ಎಂದಿರಲಿ. ಎಕ್ಸೆಲ್ ಅದನ್ನು ಮಾರ್ಚ್ 12 ಎಂದು ಭಾವಿಸುತ್ತದೆ, ಅಮೆರಿಕದ ಪದ್ಧತಿಗೆ ಹೊಂದಿಸಿದ್ದರೆ ಡಿಸೆಂಬರ್ 3 ಎಂದು! ತಪ್ಪು ಕಂಡು ಆ ಅಂಕಣವನ್ನು ಮರಳಿ ಪಠ್ಯವಾಗಿಸಹೊರಟರೆ, 2025ರಲ್ಲಿ ತೆರೆದ ಹಾಳೆಯಲ್ಲಿ 45728 ಎಂಬ ಅಂಕಿ ಮೂಡುತ್ತದೆ. ಅದು 1900ರ ಆರಂಭದಿಂದ ಎಣಿಸಿದ ದಿನಗಳ ಸಂಖ್ಯೆ. 145/2 ಮಾತ್ರ ತಾರೀಖಾಗಲಾರದೆ ಹಾಗೆಯೇ ಉಳಿಯುತ್ತದೆ. ಹೀಗೆ ಕೆಲವು ಕೆಟ್ಟು ಕೆಲವು ಉಳಿಯುವುದರಿಂದಲೇ ದೋಷವು ಕಣ್ಣಿಗೆ ಬೀಳುವುದಿಲ್ಲ. ಯಾರದೋ ಜಮೀನಿನ ಗುರುತು ಅಷ್ಟರಲ್ಲಿ ಅಳಿಸಿಹೋಗಿರುತ್ತದೆ.

ಅಜ್ಜಂಪುರವೆಂದೊಡನೆ ನೆನಪಾಗುವುದು ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರ. ಇಂದು ದೇಶದ ದನಗಳ ಕಿವಿಗೆ ತೊಡಿಸುವ ಓಲೆಯ ಗುರುತುಸಂಖ್ಯೆಗೆ 12 ಅಂಕಿಗಳು. ಸಿಎಸ್‌ವಿಯನ್ನು ನೇರವಾಗಿ ತೆರೆದರೆ ಎಕ್ಸೆಲ್ ಅಷ್ಟುದ್ದದ ಸಂಖ್ಯೆಯನ್ನು ಹತ್ತರ ಘಾತದಲ್ಲಿ ಸಂಕ್ಷೇಪಿಸಿ ತೋರಿಸುತ್ತದೆ. ಹಾಗೆಯೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರಂತೂ ಕೊನೆಯ ಅಂಕಿಗಳು ಶಾಶ್ವತವಾಗಿ ನಷ್ಟವಾಗುತ್ತವೆ. ಎರಡು ಹಸುಗಳಿಗೆ ಒಂದೇ ಗುರುತಾಗುತ್ತದೆ. ವಂಶಾವಳಿಯನ್ನೇ ನಂಬಿರುವ ತಳಿ ಸಂರಕ್ಷಣೆಯಲ್ಲಿ ಇದು ಸಣ್ಣ ಅನರ್ಥವಲ್ಲ.

ಕನ್ನಡಿಗರಿಗೆ ಇನ್ನೊಂದು ತೊಡಕೂ ಉಂಟು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ರೈತರ ಹೆಸರುಗಳು, ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಗೋಜಲಾಗಿ ತೋರುತ್ತವೆ.

ಹಳ್ಳಿಯ ಕಚೇರಿಗಳ ಅಜ್ಞಾನವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮಾನವ ಜೀನ್‌ಗಳ ಕೆಲವು ಸಂಕ್ಷಿಪ್ತ ನಾಮಗಳು ಇದೇ ರೀತಿ ಮಾರ್ಚ್, ಸೆಪ್ಟೆಂಬರ್ ತಾರೀಖುಗಳಾಗಿಬಿಡುತ್ತಿದ್ದುದರಿಂದ ವಿಜ್ಞಾನಿಗಳು ಅಂತಹ ಜೀನ್‌ಗಳಿಗೇ ಹೊಸ ಹೆಸರಿಟ್ಟುದನ್ನು 2020ರಲ್ಲಿ ಜಗತ್ತು ಕಂಡಿತು. ತಂತ್ರಾಂಶಕ್ಕೆ ಮನುಷ್ಯನೇ ತಲೆಬಾಗಿದ ಈ ಪ್ರಸಂಗ ನನಗಂತೂ ವಿನೋದವೆನಿಸುವುದಿಲ್ಲ. ಜೀನಿನ ಹೆಸರು ಬದಲಾದೀತು. ಸರ್ವೆ ನಂಬರನ್ನು ಬದಲಾಯಿಸುವವರಾರು?

ಕೂಡಿ ಕಳೆಯಲಾಗದ ಸಂಖ್ಯೆ ಸಂಖ್ಯೆಯೇ ಅಲ್ಲ, ಅದು ಹೆಸರು. ಸರ್ವೆ ನಂಬರು, ಕಿವಿಯೋಲೆ, ಬ್ಯಾಂಕ್ ಖಾತೆ ಎಲ್ಲವೂ ಈ ಜಾತಿಯವು. ಪಟ್ಟಿ ಕಳುಹಿಸುವ ಕಚೇರಿಯು ಯಾವ ಅಂಕಣ ಯಾವ ಬಗೆಯದೆಂಬ ವಿವರಣೆಯನ್ನು ಜೊತೆಗಿಡುವುದನ್ನು ಕಡ್ಡಾಯ ಮಾಡಬೇಕು. ಪಡೆಯುವವರು ಕಡತದ ಮೇಲೆ ಎರಡು ಬಾರಿ ಒತ್ತಿ ತೆರೆಯದೆ, ಆಮದು ಮಾಡುವ ವಿಧಾನವನ್ನೇ ಅನುಸರಿಸಿ ಅಂತಹ ಅಂಕಣಗಳನ್ನು ಪಠ್ಯವೆಂದು ಗುರುತಿಸಬೇಕು. ತಾನಾಗಿ ಬದಲಾಯಿಸುವುದನ್ನು ತಡೆಯುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ 2023ರಲ್ಲಿ ಎಕ್ಸೆಲ್‌ಗೆ ಸೇರಿಸಿತು. ಹಳೆಯ ಆವೃತ್ತಿಗಳಲ್ಲೇ ಕೆಲಸ ಸಾಗಿಸುವ ಕಚೇರಿಗಳಿಗೆ ಅದು ಒದಗುವುದಿಲ್ಲ.