ಹದಿಮೂರು ದಾಟಿದವರಿಗೆ ಪತ್ತೇದಾರಿ ಕಥೆ ಎಲ್ಲಿವೆ?

ವಿಜಯಪುರ ಜಿಲ್ಲೆಗೆ ಮಕ್ಕಳ ಸಾಹಿತ್ಯದ ತವರು ಎಂಬ ಹೆಸರಿದೆ. ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಅವರಂಥವರು ಈ ಮಣ್ಣಿನವರು. ಹೆಸರು ಸುಳ್ಳಲ್ಲ. ಆದರೆ ಶಿಶುಗೀತೆ ಹಾಡಿ ಬೆಳೆದ ಹುಡುಗಿ ಎಂಟನೇ ಇಯತ್ತೆಗೆ ಬಂದಾಗ ಅವಳ ಕೈಗೆ ಏನು ಕೊಡುತ್ತೇವೆ? ಪಂಚಾಯ್ತಿ ಗ್ರಂಥಾಲಯಕ್ಕೆ ಹೋದರೆ ಪಿಡಿಒ ಪರೀಕ್ಷೆ, ಪೊಲೀಸ್ ಪರೀಕ್ಷೆಯ ಗೈಡುಗಳೇ ಮುಂದಿನ ಸಾಲಿನಲ್ಲಿ ಕೂತಿರುತ್ತವೆ. ಮಾಯಾಲೋಕದ ಕಥೆ, ಪತ್ತೇದಾರಿ ಕಾದಂಬರಿ ಕೇಳಿದರೆ ‘ಅದೆಲ್ಲ ಟೈಮ್ ಪಾಸ್’ ಅನ್ನುವವರೇ ಹೆಚ್ಚು.

ನಾನು ಇದನ್ನು ಒಪ್ಪುವುದಿಲ್ಲ. ಒಳ್ಳೆಯ ಪತ್ತೇದಾರಿ ಕಥೆ ಓದಿದ ಹುಡುಗ ‘ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು?’ ಎಂದು ಕೇಳುವುದನ್ನು ಕಲಿಯುತ್ತಾನೆ. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ನಂಬುವ ನಮ್ಮ ಊರುಗಳಿಗೆ ಇದು ಸಣ್ಣ ವಿದ್ಯೆಯಲ್ಲ.

ಕನ್ನಡದಲ್ಲಿ ಪತ್ತೇದಾರಿ ಬರೆಯುವವರೇ ಇರಲಿಲ್ಲ ಅಂತಲ್ಲ. ಎನ್. ನರಸಿಂಹಯ್ಯ ನೂರಾರು ಕಾದಂಬರಿ ಬರೆದು, ಓದಲು ಅಂಜುತ್ತಿದ್ದವರನ್ನೂ ಓದುಗರನ್ನಾಗಿ ಮಾಡಿದರು. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಒಂದು ಸಾವಿನ ಗುಟ್ಟು ಹುಡುಕುತ್ತ ಹೋದರೆ ಇಡೀ ಹಳ್ಳಿಯ ಒಳಜಗಳವೇ ಬಯಲಿಗೆ ಬರುತ್ತದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಟೈಮ್ ಪಾಸ್ ಅನ್ನುವವರು ಇದನ್ನು ನೆನಪಿಡಲಿ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಹದಿಹರೆಯದವರಿಗೆಂದು ಬರೆದ ಎಷ್ಟೋ ಸಾಹಸ ಕಥೆಗಳಲ್ಲಿ ಬೆಂಗಳೂರಿನ ಮಕ್ಕಳು ಬೇಸಿಗೆ ರಜೆಗೆ ಅಜ್ಜನ ಊರಿಗೆ ಬರುತ್ತಾರೆ. ಗುಟ್ಟು ಬಿಡಿಸುವವರು ಅವರೇ. ಹಳ್ಳಿಯ ಹುಡುಗ ದಾರಿ ತೋರಿಸಲಿಕ್ಕೆ, ಮರ ಹತ್ತಲಿಕ್ಕೆ ಮಾತ್ರ! ‘ಕರ್ವಾಲೊ’ ಯಾಕೆ ಇವತ್ತಿಗೂ ಹಿಡಿದು ಓದಿಸುತ್ತದೆ ಅಂದರೆ, ಅಲ್ಲಿ ದೊಡ್ಡ ವಿಜ್ಞಾನಿಯೇ ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬಿ ಕಾಡಿಗೆ ನಡೆಯುತ್ತಾನೆ. ಮರಾಠಿಯ ಬಾಲ ಪತ್ತೇದಾರ ಫಾಸ್ಟರ್ ಫೇಣೆ ಪುಣೆ ಹತ್ತಿರದ ಫುರಸುಂಗಿಯ ಹುಡುಗ. ನಮ್ಮ ಬಬಲೇಶ್ವರದ ಹುಡುಗಿ ಯಾಕಾಗಬಾರದು?

ಜಾಗಕ್ಕೇನೂ ಬರವಿಲ್ಲ. ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ತೊರವಿ ಸಿಗುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ಅಲ್ಲಿಂದ ನೆಲದಡಿಯ ಸುರಂಗದಲ್ಲಿ ಪಟ್ಟಣಕ್ಕೆ ನೀರು ಹರಿಯುತ್ತಿತ್ತು. ನಡುನಡುವೆ ಗಾಳಿ ಬಾವಿಗಳಿವೆ. ಇಂಥ ಜಾಗ ಬೇರೆಯವರ ಕೈಗೆ ಸಿಕ್ಕಿದ್ದರೆ ಏಳು ಭಾಗದ ಕಾದಂಬರಿ ಬರುತ್ತಿತ್ತು. ಭೂತ-ಪಿಶಾಚಿಯೇ ಬೇಕೆಂದಿಲ್ಲ. ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್‌ನಿಂದ ರಾತ್ರೋರಾತ್ರಿ ಬಾಕ್ಸುಗಳು ಮಾಯ, ಆದರೆ ಕೀಲಿ ಮುರಿದಿಲ್ಲ. ಇಷ್ಟು ಸಾಕು, ನಮ್ಮ ಮಕ್ಕಳು ಕಳ್ಳನನ್ನು ಹಿಡಿಯುತ್ತಾರೆ. ತೂಕದ ಕಾಟಾ, ದಲ್ಲಾಳಿ, ಟೆಂಪೋ ಡ್ರೈವರ್ ಎಲ್ಲ ಅವರಿಗೆ ಗೊತ್ತು.

ಮಾಯೆಯ ಕಥೆ ಬರೆಯುವವರಿಗೂ ಒಂದು ಮಾತು. ಮಂತ್ರಕ್ಕೆ ಕಟ್ಟಳೆ ಇರಬೇಕು. ‘ಚಂದಮಾಮ’ದ ಬೇತಾಳ ಕಥೆ ನೆನಪಿಸಿಕೊಳ್ಳಿ: ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ, ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರ ಸೇರುತ್ತದೆ. ಆ ಇಕ್ಕಟ್ಟಿನಲ್ಲೇ ಮಜಾ ಇರುವುದು. ಕಷ್ಟ ಬಂದಾಗಲೆಲ್ಲ ಹೊಸ ಶಕ್ತಿ ಬರುವ ನಾಯಕನ ಕಥೆ ನನಗಂತೂ ಮೂವತ್ತು ಪುಟಕ್ಕೇ ಸಾಕಾಗುತ್ತದೆ.

2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಪಂಚಾಯ್ತಿ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆ ಕೊಟ್ಟರು. ಸಂಜೆ ಹೊರಗೆ ಕೂತು ಓದಲಿಕ್ಕೆ ಮನೆಯಲ್ಲಿ ಬಿಡದ ಹುಡುಗಿಯರಿಗೆ ಪುಸ್ತಕ ಮನೆಗೆ ಒಯ್ಯಲು ಸಿಗಬೇಕು. ಈ ವಾರ ನಿಮ್ಮೂರ ಗ್ರಂಥಾಲಯಕ್ಕೆ ಹೋದರೆ ‘ಜುಗಾರಿ ಕ್ರಾಸ್’ ಇದೆಯೇ ಕೇಳಿ. ಇಲ್ಲ ಅಂದರೆ ಒಂದು ಚೀಟಿಯಲ್ಲಿ ಹೆಸರು ಬರೆದು ಕೊಟ್ಟು ಬನ್ನಿ. ಮುಂದಿನ ಸಲ ಪುಸ್ತಕ ತರಿಸುವಾಗ ಗೈಡುಗಳ ಪಟ್ಟಿಯಲ್ಲಿ ಅದೂ ಒಂದು ಸೇರಲಿ.