ಕೋಟೆ ಮತ್ತು ದಿಡ್ಡಿ ಬಾಗಿಲು

ನಮ್ಮ ತರೀಕೆರೆ ಪಾಳೆಯಗಾರರು ಆಳಿದ ಊರು. ಆದ್ದರಿಂದಲೋ ಏನೋ, ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ನನಗೆ ವಿಶೇಷವಾದ ಉತ್ಸಾಹ ಬರುತ್ತಿತ್ತು. ಈಗ ಬರುವುದಿಲ್ಲ. ಆ ಗಾದೆ ನನ್ನ ಮೇಲೆಯೇ ತಿರುಗಿ ಬಿದ್ದು ವರ್ಷವಾಗುತ್ತ ಬಂತು.

ಕನ್ನಡದ ಉಪನ್ಯಾಸಕನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಓದುಗರು ಕೇಳಬಹುದು. ನನ್ನ ಇಬ್ಬರು ವಿದ್ಯಾರ್ಥಿಗಳು ವಿದ್ಯಾರ್ಥಿವೇತನದ ಅರ್ಜಿಗಳ ಲೆಕ್ಕವಿಡಲು ಕನ್ನಡದಲ್ಲಿಯೇ ನಡೆಯುವ ಪುಟ್ಟ ತಂತ್ರಾಂಶವೊಂದನ್ನು ರಚಿಸಿದರು. ಕನ್ನಡವೆಂದ ಮೇಲೆ ಮಾರ್ಗದರ್ಶಕನ ಪಟ್ಟ ನನಗೆ ಬಂತು. ಅದನ್ನು ಮುಕ್ತ ತಂತ್ರಾಂಶವಾಗಿ, ಎಂದರೆ ಅದರ ಒಳಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಳಸಿಕೊಳ್ಳುವಂತೆ ಅಂತರಜಾಲದಲ್ಲಿಡಬೇಕೆಂಬುದು ಹುಡುಗರ ಆಸೆ. ಊಟ ಬಡಿಸುವುದರ ಜೊತೆಗೆ ಅಡಿಗೆಯ ವಿಧಾನವನ್ನೂ ಬರೆದುಕೊಡುವ ಔದಾರ್ಯವದು. ನಾನು ಹಿಗ್ಗಿದೆ.

“ಪರೀಕ್ಷಿಸಿ ನೋಡೋದಕ್ಕೆ ಮಾದರಿ ಪಟ್ಟಿ ಒಂದು ಬೇಕು ಸಾರ್” ಎಂದರು. ಮಾದರಿಯನ್ನು ಕಲ್ಪಿಸಿ ಬರೆಯುವ ಶ್ರಮವೇಕೆಂದು ನಿಜವಾದ ಪಟ್ಟಿಯನ್ನೇ ಕೊಟ್ಟುಬಿಟ್ಟೆ. ಅರವತ್ತೆರಡು ಮಕ್ಕಳ ಹೆಸರು, ತಂದೆಯ ಹೆಸರು, ಫೋನ್ ನಂಬರು, ಬ್ಯಾಂಕಿನ ಖಾತೆ ಎಲ್ಲವೂ ಅದರಲ್ಲಿದ್ದವು.

ತಂತ್ರಾಂಶದೊಡನೆ ಪಟ್ಟಿಯೂ ಲೋಕಸಂಚಾರಕ್ಕೆ ಹೊರಟಿತು. ಮೂರನೆಯ ದಿನ ಹುಡುಗರು ಕಂಡುಹಿಡಿದು ಅಳಿಸಿದರು. ಗಂಡಾಂತರ ಕಳೆಯಿತೆಂದು ನಾನು ನಿಶ್ಚಿಂತನಾದೆ. ಆದರೆ ಇಂಥ ಕೆಲಸಕ್ಕೆ ಬಳಸುವ ‘ಗಿಟ್’ ಎಂಬ ಸಾಧನ, ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ್ದು, ಶ್ಯಾನುಭೋಗರ ಹಳೆಯ ಕಡತದಂತೆ. ಹೊಡೆದುಹಾಕಿದ ಸಾಲೂ ಹಿಂದಿನ ಹಾಳೆಗಳಲ್ಲಿ ಭದ್ರವಾಗಿ ಉಳಿದಿರುತ್ತದೆ.

ಎರಡು ವಾರದ ಮೇಲೆ ಪಟ್ಟಿಯಲ್ಲಿದ್ದ ಒಬ್ಬ ಹುಡುಗಿಗೆ ‘ಬ್ಯಾಂಕಿನವನ’ ಕರೆ ಬಂತು. ಆತ ಅವಳ ತಂದೆಯ ಹೆಸರನ್ನೂ ಖಾತೆಯ ಸಂಖ್ಯೆಯನ್ನೂ ತಪ್ಪಿಲ್ಲದೆ ಹೇಳಿದ. ಇಷ್ಟೆಲ್ಲ ಬಲ್ಲವನು ಬ್ಯಾಂಕಿನವನೇ ಇರಬೇಕೆಂದು ನಂಬಿ, ಮೊಬೈಲಿಗೆ ಬಂದ ಓಟಿಪಿಯನ್ನು ಅವಳು ಒಪ್ಪಿಸಿಬಿಟ್ಟಳು. ಆ ವರ್ಷದ ವಿದ್ಯಾರ್ಥಿವೇತನ ಹೊರಟುಹೋಯಿತು.

ಅಡಿಕೆ ತೋಟದಲ್ಲಿ ಕೂಲಿ ಮಾಡುವ ಅವಳ ತಂದೆ ಕಾಲೇಜಿಗೆ ಬಂದರು. ಜಗಳವಾಡಲಿಲ್ಲ. “ನನ್ ಹೆಸ್ರು ಆ ಯಪ್ಪಂಗೆ ಹೆಂಗ್ ಗೊತ್ತಾಯ್ತು ಮೇಷ್ಟ್ರೆ?” ಎಂದಷ್ಟೇ ಕೇಳಿದರು. ನಮ್ಮ ಪಟ್ಟಿಯಿಂದಲೇ ಎಂದು ನಾನು ಸಾಧಿಸಿ ತೋರಿಸಲಾರೆ. ಅಲ್ಲವೆನ್ನುವ ಧೈರ್ಯವೂ ನನಗಿರಲಿಲ್ಲ. ನಡೆದುದನ್ನು ಹೇಳಿದೆ. ಹಣವನ್ನು ಕೈಯಿಂದ ಕಟ್ಟಿಕೊಟ್ಟೆ. ಉಳಿದ ಅರವತ್ತೊಂದು ಮನೆಗಳಿಗೆ ವಿಷಯ ತಿಳಿಸುವುದು ಅದಕ್ಕಿಂತ ಕಷ್ಟದ ಕೆಲಸವಾಯಿತು.

“ಬಾಗಿಲು ತೆರೆದಿಟ್ಟರೆ ಕಳ್ಳ ಬಾರದಿರುತ್ತಾನೆಯೆ? ಮುಕ್ತವೆಂಬುದೇ ತಪ್ಪು” ಎಂದರು ಸಹೋದ್ಯೋಗಿಗಳು. ನನಗೆ ಹಾಗೆ ತೋರುವುದಿಲ್ಲ. 1883ರಲ್ಲಿ ಆಗಸ್ಟ್ ಕೆರ್ಕಾಫ್ಸ್ ಎಂಬಾತ (ಆತನೂ ನನ್ನಂತೆ ಭಾಷೆಯ ಮೇಷ್ಟ್ರು!) ಗುಪ್ತಲಿಪಿಯ ವಿಷಯವಾಗಿ ಒಂದು ತತ್ತ್ವ ಹೇಳಿದ. ಬೀಗದ ರಚನೆ ವೈರಿಗೆ ತಿಳಿದರೂ ಬಾಧಕವಿರಬಾರದು. ಬೀಗದ ಕೈ ಮಾತ್ರ ಗುಟ್ಟಾಗಿರಬೇಕು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ‘ಮಾಸಿಪ್’ ಇದಕ್ಕೆ ನಿದರ್ಶನ. ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಫಿಲಿಪೀನ್ಸ್, ಮೊರಾಕೊ ಮೊದಲಾದ ದೇಶಗಳು ಆರಿಸಿಕೊಂಡ ಈ ತಂತ್ರಾಂಶದ ಬರಹ ಎಲ್ಲರೆದುರು ತೆರೆದಿದೆ; ಪ್ರಜೆಗಳ ವಿವರ ತೆರೆದಿಲ್ಲ. ನಾನು ಬೀಗದ ನಕ್ಷೆಯೊಡನೆ ಬೀಗದ ಕೈಯನ್ನೂ ಹಂಚಿದ್ದೆ.

ತೆರೆದಿಟ್ಟಿದ್ದರೆ ಸಾಲದು, ನೋಡುವ ಕಣ್ಣೂ ಬೇಕು. ‘ಹಾರ್ಟ್‌ಬ್ಲೀಡ್’ ಎಂಬ ದೋಷ ಎರಡು ವರ್ಷ ಎಲ್ಲರೆದುರೇ ಇದ್ದು, ಬೆಳಕಿಗೆ ಬಂದದ್ದು 2014ರ ಏಪ್ರಿಲಿನಲ್ಲಿ. ‘ಎಕ್ಸ್‌ಜೆಡ್’ ಎಂಬ ತಂತ್ರಾಂಶದಲ್ಲಿಯಾದರೋ, ಒಬ್ಬ ಮರೆವೇಷದವನು ಎರಡು ವರ್ಷಕ್ಕೂ ಮಿಕ್ಕು ನೆರವಾಗಿ ನಂಬಿಕೆ ಗಳಿಸಿ, ಕಳ್ಳದಾರಿಯೊಂದನ್ನು ಸೇರಿಸಿದ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ತನ್ನ ಯಂತ್ರದಲ್ಲಿ ಒಳಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಕಾಲ ಹಿಡಿಯುವುದೇಕೆಂದು ಬೆನ್ನುಹತ್ತಿ ಅದನ್ನು ಬಯಲಿಗೆಳೆದ. ಬರಹ ಮುಚ್ಚಿದ್ದರೆ ಆತ ಹುಡುಕುವುದಾದರೂ ಎಲ್ಲಿ?

ನಮ್ಮ ತಂತ್ರಾಂಶವನ್ನು ಹುಡುಗರು ಹೊಸದಾಗಿ ಇಟ್ಟಿದ್ದಾರೆ. ಹಳೆಯ ಚರಿತ್ರೆಯನ್ನು ಬೇರುಸಹಿತ ಕಿತ್ತಿದ್ದಾರೆ. ಪಾಸ್‌ವರ್ಡುಗಳು ಬರಹದ ಹೊರಗಿವೆ. ಒಬ್ಬ ಬರೆದುದನ್ನು ಇನ್ನೊಬ್ಬ ಓದದೆ ಹೊರಗೆ ಬಿಡುವಂತಿಲ್ಲ. ದೋಷ ಕಂಡವರು ಗುಟ್ಟಾಗಿ ತಿಳಿಸಲೆಂದು ಒಂದು ವಿಳಾಸವನ್ನೂ ಕೊಟ್ಟಿದ್ದಾರೆ. ಮಾದರಿ ಪಟ್ಟಿ ಈ ಸಲ ನನ್ನದೇ ಕೃತಿ. ಅದರಲ್ಲಿ ವಿದ್ಯಾರ್ಥಿವೇತನ ಬೇಡುವವರು ಪಂಪ, ರನ್ನ, ಜನ್ನ. ರನ್ನನ ತಂದೆ ಜಿನವಲ್ಲಭ, ಕಸುಬು ಬಳೆ ಮಾರುವುದು. ಸಾವಿರ ವರ್ಷದ ಈ ಸಂಗತಿ ಯಾರಿಗೆ ತಿಳಿದರೂ ಯಾರ ಗಂಟೂ ಹೋಗುವುದಿಲ್ಲ.

ನಿಮ್ಮ ಮನೆಯ ಮಕ್ಕಳೂ ಇಂಥದನ್ನು ಕಟ್ಟುತ್ತಿರಬಹುದು. ಕಟ್ಟಲಿ, ಊರಿಗೆಲ್ಲ ಹಂಚಲಿ. ಆದರೆ “ಮಾದರಿಗೆ ಒಂದು ಹೆಸರು ಕೊಡಿ” ಎಂದು ಕೇಳಿದರೆ, ದಯವಿಟ್ಟು ರನ್ನನ ಹೆಸರು ಕೊಡಿ.