ನೀರೊಳಗಿನ ಬೆವರು

ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನಂತೆ ಕೋಪದ ಮರ್ಮವನ್ನು ಬಲ್ಲ ಕವಿಗಳು ಕನ್ನಡದಲ್ಲಿ ವಿರಳ. 10ನೆಯ ಶತಮಾನದ ಆತನ ‘ಗದಾಯುದ್ಧ’ದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿರುತ್ತಾನೆ. ದಡದಲ್ಲಿ ನಿಂತು ಭೀಮಸೇನನು ಮೂದಲಿಸುತ್ತಾನೆ. ಆ ದನಿ ಕಿವಿಗೆ ಬಿದ್ದೊಡನೆ, ತಣ್ಣೀರಿನ ನಡುವೆ ಇದ್ದವನು ಬೆವರುತ್ತಾನೆ! ಒಳಗಿನ ಬೆಂಕಿಗೆ ಹೊರಗಿನ ತಂಪು ತಾಗದು. ಶರಶಯ್ಯೆಯ ಮೇಲಿದ್ದ ಭೀಷ್ಮನು ಅದಕ್ಕೂ ಮೊದಲೇ ಸಂಧಿಯ ಮಾತನ್ನು ಆಡಿ ನೋಡಿದ್ದನು. ಅದು ಕೌರವನಿಗೆ ರುಚಿಸಿರಲಿಲ್ಲ.

ರನ್ನನ ಸೀಮೆಗೆ ಈ ಬೆವರು ಇಂದಿಗೂ ಹೊಸದೇನಲ್ಲ. ಜಮಖಂಡಿ, ಬೀಳಗಿಗಳ ಹಳ್ಳಿಗಳಲ್ಲಿ ಹೊಲದ ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಅಣ್ಣತಮ್ಮಂದಿರು ಇಲ್ಲದಿಲ್ಲ. ತೀರ್ಪು ಬರುತ್ತದೆ, ಕೋಪ ಮಾತ್ರ ಮಕ್ಕಳ ಪಾಲಿಗೂ ಉಳಿಯುತ್ತದೆ. ಇಂಥವರಿಗೆ “ಹೋಗಲಿ, ಬಿಟ್ಟುಬಿಡು” ಎಂದು ಬುದ್ಧಿ ಹೇಳುವವರಿಗೇನೂ ಬರಗಾಲವಿಲ್ಲ. ಬಿಡುವುದು ಹೇಗೆಂದು ಹೇಳುವವರು ಕಡಿಮೆ.

ಈ ‘ಹೇಗೆ’ ಎಂಬುದನ್ನು ಕ್ರೈಸ್ತಧರ್ಮವು ತನ್ನ ನಡುಮನೆಯಲ್ಲೇ ಇರಿಸಿಕೊಂಡಿದೆ. ಮಂಜೇಶ್ವರದ ಗೋವಿಂದ ಪೈಗಳು ಏಸುವಿನ ಕೊನೆಯ ದಿನವನ್ನೇ ವಸ್ತುವಾಗಿಸಿಕೊಂಡು ‘ಗೊಲ್ಗೊಥಾ’ ರಚಿಸಿದುದರಿಂದ ಆ ಶಿಲುಬೆಯ ಕಥೆ ಕನ್ನಡ ವಾಚಕರಿಗೆ ಅಪರಿಚಿತವಲ್ಲ. ತಪ್ಪಿದ ಸೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಶಿಷ್ಯನಾದ ಪೇತ್ರನು ಒಮ್ಮೆ ಏಸುವನ್ನು ಕೇಳಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಏಳನ್ನು ಎಪ್ಪತ್ತರಿಂದ ಗುಣಿಸಿ ಕ್ಷಮಿಸು ಎಂಬುದು ಬಂದ ಉತ್ತರ. ಅಷ್ಟೊಂದು ತಪ್ಪುಗಳನ್ನು ಒಬ್ಬನೇ ಮಾಡಿಯಾನೆ ಎಂದು ಯಾರಾದರೂ ನಗಬಹುದು. ತಪ್ಪು ಒಂದೇ ಇರಬಹುದು. ಅದರ ನೆನಪು ದಿನ ಬೆಳಗಾದರೆ ಬಂದು ಬಾಗಿಲು ತಟ್ಟುತ್ತದೆ, ಪ್ರತಿ ಸಲವೂ ಹೊಸದಾಗಿ ಕ್ಷಮಿಸಬೇಕಾಗುತ್ತದೆ. ನೊಂದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಏಸು ಅಲ್ಲಿಯೇ ಒಂದು ಕಥೆಯನ್ನೂ ಹೇಳುತ್ತಾನೆ: ಅರಸನಿಂದ ಅಪಾರ ಸಾಲದ ಮನ್ನಾ ಪಡೆದ ಸೇವಕನೊಬ್ಬನು ಹೊರಗೆ ಬಂದೊಡನೆ, ತನಗೆ ಅಲ್ಪ ಸಾಲ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ತಾನು ಕ್ಷಮೆ ಪಡೆದವನೆಂಬ ನೆನಪೇ ಇತರರನ್ನು ಕ್ಷಮಿಸಲು ಬೇಕಾದ ಬಂಡವಾಳ ಎಂಬುದು ಆ ಧರ್ಮದ ನಂಬಿಕೆ.

ನಂಬಿಕೆಯನ್ನು ನಡತೆಗೆ ತರುವುದು ಬೇರೆಯೇ ಮಾತು. ಕೇರಳದಲ್ಲಿ ಹುಟ್ಟಿದ ಕ್ರೈಸ್ತ ಸಂನ್ಯಾಸಿನಿ ರಾಣಿ ಮರಿಯಾ ಅವರು ಮಧ್ಯಪ್ರದೇಶದ ಇಂದೂರಿನ ಆಸುಪಾಸಿನಲ್ಲಿ ಬಡ ಕೂಲಿಕಾರರ ನಡುವೆ ದುಡಿಯುತ್ತಿದ್ದರು. ಬಡವರು ತಲೆಯೆತ್ತುವುದು ಕೆಲವರಿಗೆ ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು, ಓಡುತ್ತಿದ್ದ ಬಸ್ಸಿನಲ್ಲಿ ಸಮಂದರ್ ಸಿಂಗ್ ಎಂಬ ತರುಣನು ಆಕೆಯನ್ನು ಇರಿದು ಕೊಂದನು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಅವನೂ ಕುದಿಯುತ್ತಿದ್ದನು. ತನ್ನನ್ನು ಎತ್ತಿಕಟ್ಟಿದವರ ಮೇಲೆ ಸೇಡು ತೀರಿಸಿಕೊಳ್ಳುವುದೊಂದೇ ಅವನ ಧ್ಯಾನ. ಸ್ವಾಮಿ ಸದಾನಂದ ಎಂಬ ಕ್ರೈಸ್ತ ಗುರುಗಳು ಅವನ ಬಳಿಗೆ ಹೋಗಿ ಬಂದು ಮಾಡುತ್ತ ಅವನ ಮನಸ್ಸನ್ನು ಹದಕ್ಕೆ ತಂದರು.

ರಾಣಿ ಮರಿಯಾ ಅವರ ತಂಗಿ ಸೆಲ್ಮಿ ಪಾಲ್ ಅವರೂ ಸಂನ್ಯಾಸಿನಿಯೇ. ಕೊಲೆಯಾದ ಏಳು ವರ್ಷಗಳ ಮೇಲೆ, 2002ರಲ್ಲಿ, ಅವರು ಸೆರೆಮನೆಗೆ ಹೋಗಿ ಅಕ್ಕನನ್ನು ಕೊಂದ ಕೈಗೆ ರಾಖಿ ಕಟ್ಟಿದರು. ಆ ಏಳು ವರ್ಷಗಳನ್ನು ಅವಸರದ ಓದುಗರು ದಾಟಿಹೋಗಬಾರದು. ಕ್ಷಮೆಯನ್ನು ಅಂಗಿ ಕಳಚಿದಷ್ಟು ಸಲೀಸೆಂದು ಬೋಧಿಸುವವರಂತೂ ಅವನ್ನು ಎಣಿಸಿ ನೋಡುವುದು ಲೇಸು. ರಬಕವಿ-ಬನಹಟ್ಟಿಯ ನೇಕಾರರಿಗೆ ಇದು ತಿಳಿದ ಸಂಗತಿ: ಕಡಿದ ಎಳೆಗೆ ಮಗ್ಗ ನಿಲ್ಲಿಸಿಯೇ ಗಂಟು ಹಾಕಬೇಕು, ಗಂಟು ಬಟ್ಟೆಯಲ್ಲಿ ಉಳಿದೇ ಉಳಿಯುತ್ತದೆ.

ಕ್ಷಮೆಯು ಕಾನೂನಿಗೆ ಅಡ್ಡ ಬರಲಿಲ್ಲ. ಸಮಂದರನು 11 ವರ್ಷ ಸೆರೆಯಲ್ಲಿದ್ದನು. ಬಿಡುಗಡೆಗೆ ಒಪ್ಪಿಗೆ ಬೇಕಾದಾಗ ರಾಣಿ ಮರಿಯಾ ಅವರ ಮನೆಯವರೇ ಮುಂದೆ ಬಂದರು. 2006ರಲ್ಲಿ ಅವನು ಹೊರಗೆ ಬಂದನು. ಮರುವರ್ಷ ಅವನು ಕೇರಳದ ಪುಲ್ಲುವಳಿಗೆ ಹೋದನು. ಸತ್ತವಳ ವೃದ್ಧ ತಾಯಿ ಅವನನ್ನು ಮನೆಯೊಳಗೆ ಬರಮಾಡಿಕೊಂಡರು.